ಅಂಗಡಿಯಿಂದ ಮಂಡಿಗೆ: ಸ್ವಂತ ಅಂತರಜಾಲ ತಾಣವನ್ನು ಬಹು ಮಾರಾಟಗಾರರ ಮಾರುಕಟ್ಟೆಯಾಗಿ ಪರಿವರ್ತಿಸುವವರ ಗಮನಕ್ಕೆ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರ ಮುಂತಾದ ಬಡಾವಣೆಗಳಲ್ಲಿ ಸೀರೆ, ಸಿದ್ಧ ಉಡುಪು, ಉಪ್ಪಿನಕಾಯಿ, ಸಿರಿಧಾನ್ಯಗಳನ್ನು ಸ್ವಂತ ಅಂತರಜಾಲ ತಾಣದ ಮೂಲಕ ಮಾರುವ ಸಣ್ಣ ವರ್ತಕರು, ಅದೇ ತಾಣದಲ್ಲಿ ಇತರರ ಸರಕಿಗೂ ಸ್ಥಳ ನೀಡಬಯಸುವುದು ಸಹಜ. ತಾಂತ್ರಿಕವಾಗಿ ಇದು ದೊಡ್ಡ ಕೆಲಸವಲ್ಲ. ಆದರೆ ಕಾನೂನು ಹಾಗೂ ಲೆಕ್ಕಪತ್ರಗಳ ದೃಷ್ಟಿಯಿಂದ ವ್ಯವಹಾರದ ಸ್ವರೂಪವೇ ಬದಲಾಗುತ್ತದೆ. ಈ ಬದಲಾವಣೆಯನ್ನು ಅರಿಯದೆ ಮುಂದುವರಿದಲ್ಲಿ ತಾಣದ ಮಾಲೀಕರು, ಮಾರಾಟಗಾರರು ಮತ್ತು ಗ್ರಾಹಕರು ಮೂವರೂ ತೊಂದರೆಗೊಳಗಾಗುವ ಸಂಭವವಿದೆ.

ಹಿನ್ನೆಲೆ

ಯಶವಂತಪುರದ ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣವನ್ನು ಕಂಡವರಿಗೆ ಈ ವ್ಯತ್ಯಾಸ ಹೊಸದಲ್ಲ. ಅಂಗಡಿಯವರು ತಾವು ಕೊಂಡ ಸರಕನ್ನು ಮಾರುತ್ತಾರೆ. ಮಂಡಿಯವರು ಬೇರೆಯವರ ಸರಕನ್ನು ಮಾರಿಸಿಕೊಟ್ಟು, ಬಂದ ಹಣವನ್ನು ಲೆಕ್ಕಸಹಿತ ಸರಕಿನ ಒಡೆಯರಿಗೆ ಒಪ್ಪಿಸುತ್ತಾರೆ.

2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುವ ತಾಣವಾಗಿ ಆರಂಭವಾದ ಫ್ಲಿಪ್‌ಕಾರ್ಟ್, 2013ರಲ್ಲಿ ಇತರ ಮಾರಾಟಗಾರರಿಗೆ ತೆರೆದುಕೊಂಡು ಇದೇ ಹಾದಿ ಹಿಡಿಯಿತು. ವಿದೇಶಿ ಬಂಡವಾಳವುಳ್ಳ ಸಂಸ್ಥೆಗಳು ಸ್ವಂತ ದಾಸ್ತಾನನ್ನು ಆನ್‌ಲೈನ್‌ನಲ್ಲಿ ನೇರವಾಗಿ ಗ್ರಾಹಕರಿಗೆ ಮಾರುವುದಕ್ಕೆ ಇದ್ದ ನಿರ್ಬಂಧ ಇದಕ್ಕೊಂದು ಹಿನ್ನೆಲೆಯಾಗಿತ್ತು. ದಾಸ್ತಾನು ಮಾದರಿ ಮತ್ತು ಮಾರುಕಟ್ಟೆ ಮಾದರಿ ಎಂಬ ಭೇದವನ್ನು ಕೇಂದ್ರ ಸರ್ಕಾರವು 2016ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿತು. ಸ್ವಂತ ಬಂಡವಾಳದ ಸಣ್ಣ ವರ್ತಕರಿಗೆ ಸದರಿ ನಿರ್ಬಂಧ ಅನ್ವಯಿಸುವುದಿಲ್ಲ; ತೆರಿಗೆ ಮತ್ತು ಗ್ರಾಹಕ ಕಾನೂನುಗಳು ಅನ್ವಯಿಸುತ್ತವೆ.

ನೋಂದಣಿ

ರಾಜ್ಯದೊಳಗೆ ಸ್ವಂತ ಸರಕನ್ನಷ್ಟೇ ಮಾರುವವರಿಗೆ, ಕೆಲವು ಸರಕುಗಳನ್ನು ಹೊರತುಪಡಿಸಿ, ವಾರ್ಷಿಕ ವಹಿವಾಟು ರೂ. 40 ಲಕ್ಷ ಮೀರುವವರೆಗೆ ಸಾಮಾನ್ಯವಾಗಿ ಸರಕು ಮತ್ತು ಸೇವಾ ತೆರಿಗೆ ನೋಂದಣಿ ಕಡ್ಡಾಯವಲ್ಲ. ಆದರೆ ಇತರರ ಸರಕನ್ನು ತಮ್ಮ ತಾಣದಲ್ಲಿ ಮಾರಿಸಿ, ಅದರ ಬೆಲೆಯನ್ನು ತಾವೇ ಸಂಗ್ರಹಿಸುವ ಮಾಲೀಕರು ಕಾನೂನಿನ ಪ್ರಕಾರ ಇ-ವಾಣಿಜ್ಯ ನಿರ್ವಾಹಕರಾಗುತ್ತಾರೆ. ಅವರಿಗೆ ವಹಿವಾಟಿನ ಮಿತಿಯ ವಿನಾಯಿತಿ ಇರುವುದಿಲ್ಲ. 2018ರ ಅಕ್ಟೋಬರ್ 1ರಿಂದ ಮೂಲದಲ್ಲಿ ತೆರಿಗೆ ಸಂಗ್ರಹಿಸುವುದು ಅವರ ಕರ್ತವ್ಯವಾಗಿದೆ. ಶೇ. 1ರಷ್ಟಿದ್ದ ದರವನ್ನು 2024ರ ಜುಲೈ 10ರಿಂದ ಶೇ. 0.5ಕ್ಕೆ ಇಳಿಸಲಾಗಿದೆ. ಇದರ ವಿವರವನ್ನು ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಜಿಎಸ್‌ಟಿಆರ್-8 ನಮೂನೆಯಲ್ಲಿ ಸಲ್ಲಿಸತಕ್ಕದ್ದು.

ಹಣದ ಲೆಕ್ಕ

ನೋಂದಾಯಿತ ಮಾರಾಟಗಾರರೊಬ್ಬರ ಸೀರೆಯು ತೆರಿಗೆ ಹೊರತುಪಡಿಸಿ ರೂ. 1,000ಕ್ಕೆ ಮಾರಾಟವಾಯಿತೆಂದು ಭಾವಿಸೋಣ. ಕಮಿಷನ್ ಶೇ. 10 ಆದಲ್ಲಿ ತಾಣದ ಮಾಲೀಕರ ಆದಾಯ ರೂ. 100 ಮಾತ್ರ. ಕಮಿಷನ್ ಮೇಲಿನ ಶೇ. 18ರ ತೆರಿಗೆ ರೂ. 18, ಮೂಲದಲ್ಲಿ ಸಂಗ್ರಹಿಸುವ ತೆರಿಗೆ ರೂ. 5. ಉಳಿದ ರೂ. 877 ಹಾಗೂ ಸೀರೆಯ ಮೇಲಿನ ತೆರಿಗೆ ಮಾರಾಟಗಾರರಿಗೆ ಸಲ್ಲಬೇಕಾದ ಹಣ. ಆದಾಯ ತೆರಿಗೆ ಕಡಿತ ಅನ್ವಯಿಸಿದಲ್ಲಿ ಅದು ಪ್ರತ್ಯೇಕ.

ಬ್ಯಾಂಕ್ ಖಾತೆಯಲ್ಲಿ ಸಾವಿರ ರೂಪಾಯಿ ಕಂಡರೂ ಅದರ ಬಹುಪಾಲು ಇತರರಿಗೆ ತೀರಿಸಬೇಕಾದ ಬಾಕಿ. ಅದನ್ನೇ ಆದಾಯವೆಂದು ಬಗೆದು ಬಾಡಿಗೆಗೆ, ಜಾಹೀರಾತಿಗೆ ಬಳಸಿದಲ್ಲಿ, ಪಾವತಿಯ ದಿನ ಕೈ ಬರಿದಾಗುತ್ತದೆ. ಸಂಕಷ್ಟವು ಬಂಡವಾಳವಿಲ್ಲದ ಸಣ್ಣ ಮಾರಾಟಗಾರರನ್ನು ಮೊದಲು ತಟ್ಟುತ್ತದೆ. ಮಾರುಕಟ್ಟೆ ನಡೆಸುವವರು ಪಾವತಿ ಸಂಗ್ರಾಹಕ ವ್ಯವಹಾರವನ್ನು ಅದರಿಂದ ಬೇರ್ಪಡಿಸಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ತಿಳಿಸಿದ್ದರ ಹಿಂದೆಯೂ ಇದೇ ಕಾಳಜಿಯನ್ನು ಕಾಣಬಹುದು. ಆದುದರಿಂದ ಅಧಿಕೃತ ಪಾವತಿ ಸಂಗ್ರಾಹಕರ ಮೂಲಕವೇ ವ್ಯವಹರಿಸಿ, ಪಾವತಿಯ ಅವಧಿಯನ್ನು ಕರಾರಿನಲ್ಲಿ ಬರೆದುಕೊಡುವುದು ಉಚಿತ.

ಸಣ್ಣ ಮಾರಾಟಗಾರರಿಗೆ

ಹಿಂದೆ ಇಂತಹ ತಾಣದಲ್ಲಿ ಸರಕು ಮಾರಲು ಎಷ್ಟೇ ಕಡಿಮೆ ವಹಿವಾಟಿದ್ದರೂ ನೋಂದಣಿ ಬೇಕಾಗಿತ್ತು. 2023ರ ಅಕ್ಟೋಬರ್ 1ರಿಂದ ಈ ಷರತ್ತನ್ನು ಸಡಿಲಿಸಲಾಗಿದೆ. ಮಿತಿಯೊಳಗಿನ ವಹಿವಾಟುಳ್ಳವರು ಪ್ಯಾನ್ ಮತ್ತು ವ್ಯಾಪಾರ ಸ್ಥಳದ ವಿವರವನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಘೋಷಿಸಿ, ದಾಖಲಾತಿ ಸಂಖ್ಯೆ ಪಡೆದು, ರಾಜ್ಯದೊಳಗೆ ಮಾತ್ರ ಮಾರಬಹುದು. ಇವರಿಂದ ಮೇಲ್ಕಂಡ ಶೇ. 0.5ರ ತೆರಿಗೆ ಸಂಗ್ರಹಿಸುವಂತಿಲ್ಲ. ಹೊಸೂರಿನ ಗ್ರಾಹಕರೊಬ್ಬರ ಬೇಡಿಕೆಯನ್ನು ಇವರ ಹೆಸರಿಗೆ ಸ್ವೀಕರಿಸದಂತೆ ನೋಡಿಕೊಳ್ಳುವ ಹೊಣೆ ತಾಣದ ಮಾಲೀಕರದು. ಆಹಾರ ಪದಾರ್ಥ ಮಾರುವವರಿಗೆ ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿ ಅವಶ್ಯಕ.

ಗ್ರಾಹಕರಿಗೆ

2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ತಾಣದಲ್ಲಿ ಮಾರಾಟಗಾರರ ಹೆಸರು, ವಿಳಾಸ ಹಾಗೂ ಹಿಂತಿರುಗಿಸುವ ಷರತ್ತುಗಳು ಕಾಣುವಂತಿರಬೇಕು. ಕುಂದುಕೊರತೆ ಅಧಿಕಾರಿಯು ದೂರನ್ನು ಸ್ವೀಕರಿಸಿದ ಬಗ್ಗೆ 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. "ಸರಕು ನಮ್ಮದಲ್ಲ" ಎಂಬ ಉತ್ತರದಿಂದ ಈ ಕರ್ತವ್ಯ ಮುಗಿಯುವುದಿಲ್ಲ. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಮತ್ತೊಂದು ಮಾರ್ಗ

ಎಲ್ಲರೂ ಸ್ವಂತ ಮಾರುಕಟ್ಟೆಯನ್ನೇ ಕಟ್ಟಬೇಕೆಂದಿಲ್ಲ. ಮಾರಾಟಗಾರರು ಮತ್ತು ಗ್ರಾಹಕರು ಬೇರೆ ಬೇರೆ ಆ್ಯಪ್‌ಗಳಲ್ಲಿದ್ದರೂ ವ್ಯವಹರಿಸಬಹುದಾದ ಓಎನ್‌ಡಿಸಿ ಜಾಲವು 2022ರ ಸೆಪ್ಟೆಂಬರ್ 30ರಂದು ಬೆಂಗಳೂರಿನ 16 ಪಿನ್‌ಕೋಡ್ ಪ್ರದೇಶಗಳಲ್ಲಿ ಸಾರ್ವಜನಿಕರಿಗೆ ತೆರೆಯಿತು. ಹೆಚ್ಚು ಗ್ರಾಹಕರನ್ನು ತಲುಪುವುದಷ್ಟೇ ಉದ್ದೇಶವಾಗಿದ್ದಲ್ಲಿ, ಇತರರ ಹಣದ ಹೊಣೆ ಹೊರದೆ ಇಂತಹ ಜಾಲಕ್ಕೆ ಮಾರಾಟಗಾರರಾಗಿ ಸೇರುವುದನ್ನೂ ಪರಿಶೀಲಿಸಬಹುದು.

ನೋಂದಣಿಗೆ ಅರ್ಜಿ ಸಲ್ಲಿಸುವ ಮುನ್ನ ಹಣ ಯಾರ ಖಾತೆಗೆ ಬರುತ್ತದೆ, ಬಿಲ್ಲು ಯಾರ ಹೆಸರಿನಲ್ಲಿರುತ್ತದೆ, ದೂರಿಗೆ ಯಾರು ಉತ್ತರಿಸುತ್ತಾರೆ ಎಂಬ ಮೂರು ಅಂಶಗಳನ್ನು ಲಿಖಿತವಾಗಿ ನಿರ್ಧರಿಸಿಕೊಳ್ಳಲು ಅರ್ಜಿದಾರರನ್ನು ಕೋರಲಾಗಿದೆ.