ಅಜ್ಜಿ ರಾತ್ರಿ ಊಟ ಬಿಟ್ಟಿದ್ದೇಕೆ?

ದಸರಾ ರಜೆಯಲ್ಲಿ ದೊಡ್ಡಪ್ಪನ ಮನೆಗೆ ಹೋಗಿ ಬಂದ ಹುಡುಗನೊಬ್ಬ, ಪುಸ್ತಕ ಹಿಂದಿರುಗಿಸುವ ನೆಪದಲ್ಲಿ ನಮ್ಮ ಮನೆಗೆ ಬಂದ. ದ್ವಿತೀಯ ಪಿಯುಸಿ. ಕೊಟ್ಟ ಕಾಫಿ ಆರಿಹೋದರೂ ಕುಡಿಯಲಿಲ್ಲ. ಕೊನೆಗೆ, “ಮೇಷ್ಟ್ರೇ, ನಮ್ಮಜ್ಜಿ ರಾತ್ರಿ ಊಟ ಬಿಟ್ಟುಬಿಟ್ಟಿದಾರೆ” ಎಂದ.

ಏನಾದರೂ ವ್ರತವೇ ಎಂದು ಕೇಳಿದೆ. ಅಲ್ಲವಂತೆ. ರಾತ್ರಿ ಬಚ್ಚಲಿಗೆ ಹೋಗಬೇಕೆಂದರೆ ಯಾರನ್ನಾದರೂ ಎಬ್ಬಿಸಬೇಕು, ಎಬ್ಬಿಸಿದರೆ ಬೈಗುಳ. ಹಾಗಾಗಿ ಸಂಜೆ ಐದರ ಮೇಲೆ ಅಜ್ಜಿ ನೀರನ್ನೂ ಮುಟ್ಟುವುದಿಲ್ಲ. ಪಿಂಚಣಿಯ ಪಾಸ್‌ಬುಕ್ ದೊಡ್ಡಪ್ಪನ ಬೀರುವಿನಲ್ಲಿದೆ. ತಿಂಗಳಿಗೆ ಎಷ್ಟು ಬರುತ್ತದೆಂದು ಅಜ್ಜಿಗೇ ತಿಳಿಯದು. ತಾತ ಕಟ್ಟಿಸಿದ ಮನೆ ಎರಡು ವರ್ಷದ ಹಿಂದೆಯೇ ದಾನಪತ್ರವಾಗಿ ದೊಡ್ಡಪ್ಪನ ಹೆಸರಿಗೆ ಹೋಗಿದೆ.

“ಕೈ ಮಾಡುತ್ತಾರೇನಪ್ಪಾ?”

“ಇಲ್ಲ ಮೇಷ್ಟ್ರೇ. ಅದಕ್ಕೇ ನಮ್ಮಪ್ಪ, ಇದೆಲ್ಲ ಎಲ್ಲರ ಮನೆಯಲ್ಲೂ ಇದ್ದದ್ದೇ ಸುಮ್ನಿರು ಅಂತಾರೆ.”

ಈ ‘ಇದ್ದದ್ದೇ’ ಎಂಬ ಮಾತಿನ ಬಗ್ಗೆಯೇ ನನ್ನ ತಕರಾರು. ಹೊಡೆದರೆ ಮಾತ್ರ ಹಿಂಸೆ ಎಂದುಕೊಂಡಿದ್ದೇವೆ. ಹೆದರಿ ನೀರು ಬಿಡುವ ಸ್ಥಿತಿಗೆ ಒಬ್ಬರನ್ನು ತಂದಿಡುವುದು, ಅವರ ದುಡ್ಡಿಗೆ ಅವರೇ ಕೈ ಚಾಚುವಂತೆ ಮಾಡುವುದು, ನೆಂಟರು ಬಂದಾಗ ಮಾತಾಡಲು ಬಿಡದೆ ಪಕ್ಕದಲ್ಲೇ ಕೂರುವುದು, ಇವೆಲ್ಲ ಇನ್ನೇನು? ಗಾಯ ಕಾಣುವುದಿಲ್ಲ, ಅಷ್ಟೇ.

ಇದಕ್ಕೆಂದೇ 2007ರಲ್ಲಿ ಸಂಸತ್ತು ತಂದೆ ತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಮಾಡಿತು. ಕರ್ನಾಟಕದಲ್ಲಿ ಅರ್ಜಿ ಹೋಗಬೇಕಾದದ್ದು ಉಪವಿಭಾಗಾಧಿಕಾರಿಗಳ ಮುಂದಿರುವ ನ್ಯಾಯಮಂಡಳಿಗೆ. ಸ್ವತಃ ಹೋಗಲಾಗದಿದ್ದರೆ ಅಜ್ಜಿ ಒಪ್ಪಿ ಸೂಚಿಸಿದ ಬೇರೆಯವರೂ ಅರ್ಜಿ ಕೊಡಬಹುದು. ಮಕ್ಕಳಿಗೆ ನೋಟಿಸು ತಲುಪಿದ 90 ದಿನಗಳೊಳಗೆ ತೀರ್ಮಾನವಾಗಬೇಕು. ವಿಶೇಷ ಕಾರಣವಿದ್ದರೆ ಇನ್ನೂ 30 ದಿನ. ಜೀವನಾಂಶಕ್ಕೆ ಕಾಯ್ದೆ ಹಾಕಿರುವ ಮೇಲ್ಮಿತಿ ತಿಂಗಳಿಗೆ 10,000 ರೂಪಾಯಿ. ಈ ಕಾಲದ ಔಷಧಿ ಅಂಗಡಿಯ ಬಿಲ್ಲು ನೋಡಿದವರಿಗೆ ಇದು ಸಾಲದು ಅನ್ನಿಸೀತು, ನನಗೂ ಹಾಗೇ ಅನ್ನಿಸುತ್ತದೆ.

ಮನೆಯ ವಿಷಯ ಸ್ವಲ್ಪ ಸೂಕ್ಷ್ಮ. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಪಡೆದ ಆಸ್ತಿ, ನೋಡಿಕೊಳ್ಳದಿದ್ದರೆ ರದ್ದಾಗಬಹುದು ಎನ್ನುತ್ತದೆ 23ನೆಯ ಕಲಮು. ಆದರೆ ಅಂಥ ಷರತ್ತು ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ಈ ಕಾಯ್ದೆಯನ್ನು ಹಿರಿಯರ ಹಿತಕ್ಕೆ ಒದಗುವಂತೆ ಉದಾರವಾಗಿ ಓದಬೇಕೆಂದು ಹೇಳಿ, ಮಗನಿಗೆ ಬರೆದುಕೊಟ್ಟಿದ್ದ ದಾನಪತ್ರವನ್ನು ರದ್ದು ಮಾಡಿತು. ಅಲ್ಲಿ ಮಗ ಬರೆದುಕೊಟ್ಟ ವಚನಪತ್ರವೊಂದಿತ್ತು. ನಮ್ಮ ಹುಡುಗನ ಅಜ್ಜಿಯ ಪತ್ರದಲ್ಲಿ ಏನಿದೆಯೋ ಓದಿ ನೋಡಿದವರಿಲ್ಲ. ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುಂಚೆ ಆ ಒಂದು ಸಾಲು ಬರೆಸಿ ಎಂದು ಹೇಳುವವರು ಮನೆಯಲ್ಲಿ ಒಬ್ಬರಾದರೂ ಇರಬೇಕಿತ್ತು.

ಹುಡುಗನಿಗೆ ಹೇಳಿದೆ: ದೊಡ್ಡಪ್ಪನ ಜೊತೆ ಜಗಳಕ್ಕೆ ನಿಲ್ಲಬೇಡ, ಏಟು ಬೀಳುವುದು ಅಜ್ಜಿಗೇ. ಒಬ್ಬನೇ ಹೋಗಿ ಅವರ ಪಕ್ಕ ಕೂತು, ಅವರಿಗೆ ಏನು ಬೇಕೆಂದು ಕೇಳು. ಕೈಮೀರಿದರೆ 14567ಕ್ಕೆ ಫೋನು ಮಾಡು, ಅದು ಹಿರಿಯರ ಸಹಾಯವಾಣಿ.

ಮುಂದಿನ ಭಾನುವಾರ ಬಂದ. ಅಜ್ಜಿಗೆ ಕಚೇರಿ ಕೋರ್ಟು ಬೇಡವಂತೆ. ಮಂಚದ ಪಕ್ಕ ಒಂದು ಕಮೋಡ್ ಕುರ್ಚಿ, ಕೈಗೆ ಪಾಸ್‌ಬುಕ್, ಇಷ್ಟೇ ಕೇಳಿದರಂತೆ. ಕುರ್ಚಿಯನ್ನು ಅವನಪ್ಪನೇ ಕೊಂಡೊಯ್ದು ಕೊಟ್ಟರಂತೆ. ಪಾಸ್‌ಬುಕ್ ಇನ್ನೂ ಬಂದಿಲ್ಲ.

ಅಂದ ಹಾಗೆ, ಆ ಕಾಯ್ದೆಯಲ್ಲಿ ‘ಮಕ್ಕಳು’ ಎಂದರೆ ಮಗ, ಮಗಳು ಮಾತ್ರವಲ್ಲ. ಪ್ರಾಯಕ್ಕೆ ಬಂದ ಮೊಮ್ಮಕ್ಕಳೂ ಸೇರುತ್ತಾರೆ. ಇದನ್ನು ಹೇಳಿದಾಗ ಹುಡುಗ ತುಸು ಯೋಚಿಸಿ, “ನನಗೆ ಮಾರ್ಚಿಗೆ ಹದಿನೆಂಟು ತುಂಬತ್ತೆ ಮೇಷ್ಟ್ರೇ” ಎಂದ.