ಹಿರಿಯರ ಕಾರು, ಕಿರಿಯರ ಚೌಕಾಸಿ

ಶಿವಮೊಗ್ಗದಲ್ಲೋ ಧಾರವಾಡದಲ್ಲೋ ನೆಲೆಸಿರುವ ನಿವೃತ್ತ ಮೇಷ್ಟ್ರೊಬ್ಬರು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮನಸ್ಸು ಮಾಡಿದರೆಂದರೆ, ಬೆಂಗಳೂರಿನಲ್ಲಿರುವ ಮಗನಿಗೋ ತಂಗಿಯ ಮಗಳಿಗೋ ಒಂದು ಫೋನು ಹೋಗುತ್ತದೆ: ‘ಡೀಲರ್ ಹತ್ತಿರ ಒಂದು ಗಾಡಿ ನೋಡಿದ್ದೇನೆ, ಒಂದು ಸಲ ಬಂದು ಹೋಗು.’ ಈ ಕರೆಗೆ ಎರಡು ಅರ್ಥ ಹಚ್ಚಬಹುದು. ‘ನನಗೆ ತಿಳಿಯುವುದಿಲ್ಲ, ನೀನೇ ಮುಗಿಸಿಕೊಡು’ ಎನ್ನುವುದು ಒಂದು. ‘ತೀರ್ಮಾನ ನನ್ನದು, ಜೊತೆಗೆ ನೀನಿರು’ ಎನ್ನುವುದು ಇನ್ನೊಂದು. ಯಾವ ಅರ್ಥ ಸರಿ ಎಂಬುದರ ಬಗ್ಗೆ ಒಂದೇ ಮನೆಯಲ್ಲಿ, ಒಬ್ಬರನ್ನೊಬ್ಬರು ಪ್ರೀತಿಸುವವರ ನಡುವೆಯೇ ಪ್ರಾಮಾಣಿಕವಾದ ಭಿನ್ನಾಭಿಪ್ರಾಯ ಇರುತ್ತದೆ. ಎರಡೂ ಕಡೆಯ ವಾದಗಳಲ್ಲಿ ಹುರುಳಿದೆ.

ಕಿರಿಯರೇ ಮುಂದೆ ನಿಂತು ವ್ಯವಹಾರ ಮುಗಿಸಬೇಕು ಎನ್ನುವವರ ಬಲವಾದ ಕಾರಣವೆಂದರೆ, ಈ ವ್ಯವಹಾರ ಈಗ ಬಹುಮಟ್ಟಿಗೆ ಕಾಗದಪತ್ರಗಳದ್ದು, ಆ ಕಾಗದಪತ್ರಗಳೆಲ್ಲ ಮೊಬೈಲಿನೊಳಗೆ ಸೇರಿವೆ. ಕಾರಿನ ಸಂಖ್ಯೆಯೊಂದು ಕೈಯಲ್ಲಿದ್ದರೆ ಅದರ ನೋಂದಣಿಯ ದಿನಾಂಕ, ಎಷ್ಟನೆಯ ಮಾಲೀಕರು, ವಿಮೆ ಎಂದಿನವರೆಗೆ, ಬ್ಯಾಂಕಿನ ಸಾಲ ತೀರಿದೆಯೇ ಎಂಬುದನ್ನೆಲ್ಲ ಎಂಪರಿವಾಹನ್ ಆ್ಯಪ್‌ನಲ್ಲಿ ಕೆಲವೇ ನಿಮಿಷಗಳಲ್ಲಿ ನೋಡಬಹುದು. ಟ್ರಾಫಿಕ್ ದಂಡ ಬಾಕಿಯಿದೆಯೇ ಎಂಬುದನ್ನೂ ಆನ್‌ಲೈನ್‌ನಲ್ಲೇ ತಿಳಿಯಬಹುದು. ಹಳೆಯ ಮಾಲೀಕರ ಸಾಲ ತೀರಿದ್ದರೂ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸದೇ ಇದ್ದರೆ ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಎಂದು ಅಲೆದಾಟ ಶುರುವಾಗುತ್ತದೆ. ಡೀಲರ್ ‘ಎಲ್ಲಾ ನಾವೇ ಮಾಡಿಸಿಕೊಡ್ತೀವಿ ಸಾರ್’ ಎಂದಾಗ ಆ ‘ಎಲ್ಲಾ’ದಲ್ಲಿ ಏನೇನು ಸೇರಿದೆ ಎಂದು ಬಿಡಿಸಿ ಕೇಳಲು ಬೇಕಾದ ತಿಳಿವಳಿಕೆ ಮತ್ತು ಬೇಸರವಿಲ್ಲದ ಹಟ ಕಿರಿಯರಲ್ಲಿ ಹೆಚ್ಚಿರುವ ಸಾಧ್ಯತೆ ಇದೆ.

ಇದಕ್ಕೆ ಇನ್ನೊಂದು ಮಾತನ್ನು ಸೇರಿಸುತ್ತಾರೆ. ನಮ್ಮ ಹಿರಿಯರು ಸಾಮಾನ್ಯವಾಗಿ ದಾಕ್ಷಿಣ್ಯದವರು. ಕಾಫಿ ತರಿಸಿ, ಕುರ್ಚಿ ಹಾಕಿ ಕೂರಿಸಿ, ಊರು ಮನೆತನ ವಿಚಾರಿಸಿದವನ ಮುಂದೆ ‘ಬೇಡ’ ಎಂದು ಎದ್ದು ಬರುವುದು ಅವರಿಗೆ ಕಷ್ಟ. ಟೋಕನ್ ಅಡ್ವಾನ್ಸ್ ಕೊಟ್ಟಾದ ಮೇಲಂತೂ ಮಾತು ಕೊಟ್ಟಂತೆಯೇ ಸರಿ. ಮಾರಾಟದ ಕಲೆ ಬಲ್ಲವರಿಗೆ ಈ ಸೌಜನ್ಯ ಗೊತ್ತಿರುತ್ತದೆ. ಹೋಗುತ್ತಿರುವ ಹಣವೂ ಸಾಮಾನ್ಯವಾದುದಲ್ಲ. ಗ್ರಾಚ್ಯುಟಿಯಿಂದಲೋ ಠೇವಣಿ ಮುರಿದೋ ತೆಗೆದ ಹಣ ಅದು. ಮೂವತ್ತರ ಹರೆಯದವನು ಕಳೆದುಕೊಂಡ ಐವತ್ತು ಸಾವಿರವನ್ನು ಮತ್ತೆ ದುಡಿಯಬಲ್ಲ. ಎಪ್ಪತ್ತರ ಹಿರಿಯರಿಗೆ ಆ ಅವಕಾಶ ಕಡಿಮೆ.

ಆದರೆ ಎದುರು ಪಕ್ಷದ ವಾದವನ್ನು ಬರೀ ಭಾವುಕತೆ ಎಂದು ತಳ್ಳಿಹಾಕಲಾಗದು. ಹಣ ಅವರದು, ಓಡಿಸುವವರು ಅವರು, ಆರ್‌ಸಿಯಲ್ಲಿ ಬರುವ ಹೆಸರೂ ಅವರದೇ. ಮೋಟಾರು ವಾಹನ ಕಾಯ್ದೆಯೇ ಅವರನ್ನು ನಂಬುತ್ತದೆ: 55 ದಾಟಿದವರ ಚಾಲನಾ ಪರವಾನಗಿಯನ್ನು ವೈದ್ಯರ ಪ್ರಮಾಣಪತ್ರದ ಮೇಲೆ ಐದೈದು ವರ್ಷಕ್ಕೆ ನವೀಕರಿಸುತ್ತದೆ. ರಸ್ತೆಯಲ್ಲಿ ಕಾರನ್ನು ನಡೆಸಬಲ್ಲರು ಎಂದು ಸರ್ಕಾರ ಒಪ್ಪಿದವರನ್ನು ಕಾರು ಆರಿಸಲಾರರು ಎಂದು ಮನೆಯವರು ತೀರ್ಮಾನಿಸುವುದು ವಿಚಿತ್ರ. ಮನುಷ್ಯರನ್ನು ಓದುವ ವಿದ್ಯೆಯಲ್ಲಿ ಹಿರಿಯರು ಹಿಂದೆ ಬಿದ್ದವರೂ ಅಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದ ರೈತನಿಗೆ ಮಾರುವವನ ಕಣ್ಣು ಎಲ್ಲಿ ತಪ್ಪುತ್ತದೆ ಎಂಬುದು ಗೊತ್ತಿತ್ತು. ಆ ತಲೆಮಾರಿನ ಬಳಿ ಬೆಳೆದವರಲ್ಲಿ ಅದರ ಒಂದಂಶವಾದರೂ ಉಳಿದಿರುತ್ತದೆ, ಯಾವ ಆ್ಯಪ್‌ನಲ್ಲೂ ಅದು ಸಿಗುವುದಿಲ್ಲ.

ಈ ಪಕ್ಷದವರ ಇನ್ನೊಂದು ಕಾರಣ ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ. ಕಿರಿಯರು ಆರಿಸುವಾಗ ತಮಗರಿವಿಲ್ಲದೆಯೇ ತಮಗಾಗಿ ಆರಿಸುತ್ತಾರೆ. ಮರುಮಾರಾಟದ ಬೆಲೆ, ಟಚ್‌ಸ್ಕ್ರೀನ್, ಎಂಜಿನ್ನಿನ ಬಲ, ಹಬ್ಬಕ್ಕೆ ಬಂದಾಗ ಐದು ಜನ ಕೂತು ಹೊರನಾಡಿಗೆ ಹೋಗಿಬರಲು ಆಗುತ್ತದೆಯೇ ಎಂಬ ಲೆಕ್ಕ. ಹಿರಿಯರಿಗೆ ಬೇಕಾದದ್ದು ಬೇರೆ: ಮಂಡಿನೋವಿನಲ್ಲೂ ಕುಸಿಯದೆ, ಏರದೆ ನೇರವಾಗಿ ಕೂರಬಹುದಾದ ಸೀಟಿನ ಎತ್ತರ, ಎಡಗಾಲಿಗೆ ವಿಶ್ರಾಂತಿ ಕೊಡುವ ಆಟೊಮ್ಯಾಟಿಕ್ ಗೇರು, ಅಗಲವಾಗಿ ತೆರೆಯುವ ಬಾಗಿಲು, ರಾತ್ರಿ ಕಣ್ಣಿಗೆ ರಾಚದ ಡ್ಯಾಶ್‌ಬೋರ್ಡ್. ವ್ಯಾಗನ್ ಆರ್‌ನಂಥ ಎತ್ತರದ ಕಾರುಗಳು ಹಿರಿಯರಿಗೆ ಮೆಚ್ಚುಗೆಯಾಗುವುದು ಆಕಾರದ ಚೆಂದಕ್ಕಲ್ಲ, ಒಳಗೆ ಕಾಲಿಡುವ ಸುಲಭಕ್ಕೆ. ಡೀಸೆಲ್ ಕಾರಿನ ವಿಷಯವೂ ಹಾಗೆಯೇ. ದೂರ ಓಡಿಸುವ ಮಗನಿಗೆ ಅದು ಲಾಭವಾಗಬಹುದು. ಮಾರುಕಟ್ಟೆ, ದೇವಸ್ಥಾನ, ಆಸ್ಪತ್ರೆಗೆಂದು ದಿನಕ್ಕೆ ನಾಲ್ಕಾರು ಕಿಲೋಮೀಟರ್ ಮಾತ್ರ ಓಡುವ ಬಿಎಸ್ 6 ಡೀಸೆಲ್ ಕಾರಿನಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಳ್ಳುವ ಅಪಾಯವಿದೆ, ಅದರ ದುರಸ್ತಿ ಅಗ್ಗವಲ್ಲ.

ಕಿರಿಯರ ಪರವಾಗಿ ಮಾತಾಡುವವರು ಇದಕ್ಕೂ ಉತ್ತರ ಕೊಡುತ್ತಾರೆ. ಅನುಕೂಲ ಸರಿ, ಸುರಕ್ಷತೆ? ಚಾಲಕನ ಏರ್‌ಬ್ಯಾಗ್, ಎಬಿಎಸ್, ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಇವು ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರಲ್ಲಿ. ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯವಾಗಿದ್ದು 2021ರಲ್ಲಿ. ಆ ಪಕ್ಕದ ಸೀಟಿನಲ್ಲಿ ಬಹುತೇಕ ಕೂರುವವರು ಮನೆಯ ಅಜ್ಜಿ ಎಂಬುದನ್ನು ನೆನೆದರೆ, 2014ರ ‘ಒಳ್ಳೇ ಕಂಡಿಷನ್’ ಗಾಡಿಗೂ 2022ರ ಗಾಡಿಗೂ ಇರುವ ವ್ಯತ್ಯಾಸವನ್ನು ಹಣದಲ್ಲಿ ಮಾತ್ರ ಅಳೆಯಲಾಗದು. ಹಿರಿಯರು ‘ನಾನೇನು ವೇಗವಾಗಿ ಓಡಿಸ್ತೀನಾ’ ಎಂದು ಇದನ್ನು ಹಗುರವಾಗಿ ತೆಗೆದುಕೊಳ್ಳುವುದುಂಟು. ಎದುರಿನಿಂದ ಬರುವವನ ವೇಗ ಅವರ ಕೈಯಲ್ಲಿಲ್ಲ. ಇಲ್ಲಿ ಕಿರಿಯರ ಹಟವೇ ನ್ಯಾಯವಾದದ್ದು ಎಂದು ನನಗೆ ತೋರುತ್ತದೆ.

ಇದರ ಜೊತೆಗೇ ಇನ್ನೊಂದು ಚರ್ಚೆ ಹೆಣೆದುಕೊಂಡಿರುತ್ತದೆ. ಡೀಲರ್ ಯಾಕೆ, ಪರಿಚಯದವರ ಗಾಡಿಯೇ ಸಾಕಲ್ಲ ಎಂಬುದು. ಪಕ್ಕದ ಬೀದಿಯ ಡಾಕ್ಟರು ಹೊಸ ಕಾರು ಕೊಂಡು ಹಳೆಯದನ್ನು ಮಾರುತ್ತಿದ್ದಾರೆ, ಹತ್ತು ವರ್ಷದಿಂದ ಆ ಗಾಡಿ ನೋಡಿದ್ದೇವೆ, ನಡುವೆ ಕಮಿಷನ್ ಇಲ್ಲ, ಬೆಲೆಯೂ ಕಡಿಮೆ. ಇದು ಹಿರಿಯರು ಸಾಮಾನ್ಯವಾಗಿ ಒಲಿಯುವ ದಾರಿ, ಅದರಲ್ಲಿ ತಪ್ಪಿಲ್ಲ. ಡೀಲರ್ ತನ್ನ ಬಾಡಿಗೆ, ಸಂಬಳ, ಪಾಲಿಶು, ಲಾಭ ಎಲ್ಲವನ್ನೂ ಬೆಲೆಗೆ ಸೇರಿಸುತ್ತಾನೆ. ಹಳೆಯ ಕಾರಿನ ಮಾರಾಟದಲ್ಲಿ ಅವನಿಗೆ ಉಳಿಯುವ ಲಾಭಾಂಶದ ಮೇಲೆ 2025ರ ಜನವರಿಯಿಂದ ಶೇ 18ರ ಜಿಎಸ್‌ಟಿಯೂ ಇದೆ. ವ್ಯಕ್ತಿಯಿಂದ ವ್ಯಕ್ತಿಗೆ ನಡೆಯುವ ಮಾರಾಟಕ್ಕೆ ಅದು ಇಲ್ಲ.

ಡೀಲರ್ ಪರವಾದ ಉತ್ತರ ಕಾನೂನಿನಿಂದ ಬರುತ್ತದೆ. ಪರಿಚಯದ ಡಾಕ್ಟರ ಗಾಡಿಯಲ್ಲಿ ಮೂರೇ ತಿಂಗಳಿಗೆ ಗೇರ್‌ಬಾಕ್ಸ್ ಕೈಕೊಟ್ಟರೆ ಯಾರನ್ನು ಕೇಳುವುದು? ಕೇಳಿದರೆ ಸ್ನೇಹ ಕೆಡುತ್ತದೆ, ಕೇಳದಿದ್ದರೆ ಹಣ ಹೋಗುತ್ತದೆ. ಕಾರಿನ ವ್ಯಾಪಾರವನ್ನೇ ವೃತ್ತಿಯಾಗಿಸಿಕೊಂಡವನಿಂದ ಸ್ವಂತ ಬಳಕೆಗೆ ಕೊಂಡರೆ ಹಿರಿಯರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅರ್ಥದಲ್ಲಿ ಗ್ರಾಹಕರಾಗುತ್ತಾರೆ. ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಅದಕ್ಕೆ ಎರಡು ವರ್ಷಗಳ ಕಾಲಾವಕಾಶವಿದೆ, ಐದು ಲಕ್ಷ ರೂಪಾಯಿವರೆಗಿನ ವ್ಯವಹಾರವಾದರೆ ಶುಲ್ಕವೂ ಇಲ್ಲ. ಹೆಚ್ಚು ಕೊಟ್ಟ ಹಣ ಒಂದರ್ಥದಲ್ಲಿ ಈ ಹಕ್ಕಿಗೆ ತೆತ್ತ ಬೆಲೆ. ಇದಲ್ಲದೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮಗಳು ಹಳೆಯ ವಾಹನಗಳ ಡೀಲರ್‌ಗಳು ಆರ್‌ಟಿಒದಿಂದ ಅಧಿಕೃತ ಪ್ರಮಾಣಪತ್ರ ಪಡೆಯಬೇಕೆಂದಿವೆ. ಅಂಥ ಅಧಿಕೃತ ಡೀಲರ್ ವಶಕ್ಕೆ ಕೊಟ್ಟ ವಾಹನಕ್ಕೆ ಮಾರಾಟವಾಗುವ ತನಕ ಅವನನ್ನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ. ಈ ಪ್ರಮಾಣಪತ್ರ ನಿಮ್ಮಲ್ಲಿದೆಯೇ ಎಂದು ಕೇಳುವುದು ಅಪಮಾನವೇನಲ್ಲ. ಒಳ್ಳೆಯ ಡೀಲರ್ ಸಂತೋಷದಿಂದ ತೋರಿಸುತ್ತಾನೆ.

ಆದರೆ ಕಾಗದದ ಹಕ್ಕು ಕೈಗೆ ಸಿಗುವ ಪರಿಹಾರವಾಗಲು ಸಮಯ ಬೇಕು ಎಂಬ ಆಕ್ಷೇಪವನ್ನೂ ಒಪ್ಪಬೇಕು. ಎಪ್ಪತ್ತೈದರ ವಯಸ್ಸಿನಲ್ಲಿ ಆಯೋಗದ ಮೆಟ್ಟಿಲು ಹತ್ತುವ ಉತ್ಸಾಹ ಎಲ್ಲರಿಗೂ ಇರುವುದಿಲ್ಲ. ಡೀಲರ್ ಕೊಡುವ ವಾರಂಟಿಯೂ ಹೆಸರಿನಲ್ಲಿ ದೊಡ್ಡದು. ಎಂಜಿನ್ ಮತ್ತು ಗೇರ್‌ಬಾಕ್ಸಿಗೆ ಮಾತ್ರ ಎಂದು ಒಳಗೆ ಬರೆದಿದ್ದರೆ, ಸಾಮಾನ್ಯವಾಗಿ ಕೆಡುವ ಎಸಿ, ಕ್ಲಚ್, ಬ್ಯಾಟರಿ, ಸಸ್ಪೆನ್ಷನ್ ಇವೆಲ್ಲ ಕೊಂಡವರ ಪಾಲಿಗೇ. ನೂರಾರು ಅಂಶಗಳ ತಪಾಸಣೆ ಎಂಬ ಪಟ್ಟಿಯನ್ನು ಮಾಡಿದವನು ಮಾರುವವನೇ ಎಂಬುದನ್ನೂ ಮರೆಯಲಾಗದು. ಹೀಗಾಗಿ ಡೀಲರ್ ಆಗಲಿ, ಪರಿಚಯದವರಾಗಲಿ, ತಮಗೆ ಬೇಕಾದ ಮೆಕ್ಯಾನಿಕ್ಕನ್ನು ಕರೆದೊಯ್ದು ತೋರಿಸುವುದಕ್ಕೆ ಪರ್ಯಾಯವಿಲ್ಲ. ಅವನು ನೋಡುವುದು ಸರಳ ಸಂಗತಿಗಳನ್ನು: ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿಯ ವಾರ ಮತ್ತು ವರ್ಷ, ಮೀಟರ್ ಮೂವತ್ತು ಸಾವಿರ ತೋರಿಸುತ್ತಿದ್ದರೂ ಸವೆದುಹೋದ ಬ್ರೇಕ್ ಪೆಡಲಿನ ರಬ್ಬರು, ಪೂರ್ತಿ ಎಳೆದ ಸೀಟ್ ಬೆಲ್ಟಿನ ತುದಿಯಲ್ಲಿ ಕೆಸರುನೀರಿನ ಗೆರೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಮಳೆನೀರಿನಲ್ಲಿ ನಿಂತ ಕಾರುಗಳನ್ನು ಕಂಡವರಿಗೆ ಈ ಕೊನೆಯ ಪರೀಕ್ಷೆಯ ಅಗತ್ಯ ವಿವರಿಸಬೇಕಿಲ್ಲ.

ಹೊಸದನ್ನೇ ಕೊಳ್ಳಬಾರದೇ ಎಂಬ ಮೂರನೆಯ ಧ್ವನಿಯೂ ಈಚೆಗೆ ಬಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು ಹೊಸದಕ್ಕೂ ಹಳೆಯದಕ್ಕೂ ಇದ್ದ ಅಂತರ ಕಿರಿದಾಗಿದೆ. ಆದರೂ ಕರ್ನಾಟಕದ ಜೀವಿತಾವಧಿ ತೆರಿಗೆ ದೇಶದಲ್ಲೇ ಅತಿ ಹೆಚ್ಚಿನವುಗಳ ಸಾಲಿನದು. ರಾಜ್ಯದಲ್ಲೇ ನೋಂದಣಿಯಾದ ಹಳೆಯ ಕಾರಿನಲ್ಲಿ ಅದು ಆಗಲೇ ಕಟ್ಟಿಯಾಗಿರುತ್ತದೆ. ಡೀಲರ್ ಬಳಿ ಬೇರೆ ರಾಜ್ಯದ ನಂಬರಿನ ಗಾಡಿ ಅಗ್ಗವಾಗಿ ಕಂಡರೆ, ಎನ್‌ಒಸಿ ತಂದು ಇಲ್ಲಿ ಮರುನೋಂದಣಿ ಮಾಡಿಸಿ ತೆರಿಗೆ ಕಟ್ಟುವ ಲೆಕ್ಕವನ್ನೂ ಸೇರಿಸಿ ನೋಡಬೇಕು. ಅಷ್ಟಾದ ಮೇಲೆ ಆ ಅಗ್ಗದ ಬಹುಪಾಲು ಕರಗಿಹೋಗಬಹುದು.

ಇವನ್ನೆಲ್ಲ ತೂಗಿ ನೋಡಿದರೆ, ಕಿರಿಯರ ಅರಿವು ಮತ್ತು ಹಿರಿಯರ ಅಧಿಕಾರ ಎರಡೂ ಬೇರೆ ಬೇರೆ ಕೆಲಸಗಳಿಗೆ ಸಲ್ಲುತ್ತವೆ ಎನ್ನಿಸುತ್ತದೆ. ನನ್ನ ಒಲವು, ಎಚ್ಚರದಿಂದಲೇ ಹೇಳುವುದಾದರೆ, ಇಂಥ ಒಂದು ಹಂಚಿಕೆಯ ಕಡೆಗೆ: ದಾಖಲೆಗಳ ಪರಿಶೀಲನೆ, ಮೆಕ್ಯಾನಿಕ್ಕಿನ ತಪಾಸಣೆ, ಏರ್‌ಬ್ಯಾಗಿನಂಥ ಸುರಕ್ಷತೆಯ ಕನಿಷ್ಠ ಮಟ್ಟ ಇವು ಕಿರಿಯರ ಪಾಲಿಗಿರಲಿ. ಇವುಗಳಲ್ಲಿ ಸೋತ ಗಾಡಿ ಹಿರಿಯರಿಗೆ ಎಷ್ಟೇ ಹಿಡಿಸಿದರೂ ಬೇಡ ಎನ್ನುವ ಹಕ್ಕೂ ಅವರಿಗಿರಲಿ. ಗೆದ್ದ ಗಾಡಿಗಳಲ್ಲಿ ಯಾವುದು, ಎಷ್ಟರವರೆಗೆ, ಯಾವಾಗ ಎಂಬುದು ಪೂರ್ತಿಯಾಗಿ ಹಿರಿಯರದು. ಗರಿಷ್ಠ ಬೆಲೆಯನ್ನು ಶೋರೂಮಿಗೆ ಹೋಗುವ ಮೊದಲೇ, ಮನೆಯಲ್ಲಿ ಕೂತು ಅವರೇ ಹೇಳಲಿ. ಚೌಕಾಸಿಯನ್ನು ಯಾರು ಮಾಡುತ್ತಾರೆ ಎಂಬುದು ಆಮೇಲೆ ಅಷ್ಟು ದೊಡ್ಡ ವಿಷಯವಾಗುವುದಿಲ್ಲ. ದಾಕ್ಷಿಣ್ಯ ಅಡ್ಡಬರುವುದಾದರೆ ‘ನನ್ನ ಸೊಸೆಯನ್ನು ಕೇಳಬೇಕು’ ಎಂದು ಎದ್ದು ಬರುವ ದಾರಿ ಅವರಿಗೆ ತೆರೆದಿರಲಿ. ಡೀಲರ್ ಜೊತೆ ಮಾತಾಡುವಾಗ ಅವರ ತಲೆಯ ಮೇಲೆ ಮಾತು ಹಾರಿಸದೆ, ಪ್ರತಿ ಉತ್ತರವನ್ನೂ ಅವರ ಮುಖ ನೋಡಿ ಪಡೆಯುವುದು ಕಿರಿಯರಿಂದ ನಿರೀಕ್ಷಿಸಬಹುದಾದ ಕನಿಷ್ಠ ಮರ್ಯಾದೆ.

ಈ ಹಂಚಿಕೆ ಎಲ್ಲ ಮನೆಗಳಿಗೂ ಹೊಂದುತ್ತದೆ ಎನ್ನಲಾರೆ. ನೆನಪು ಮಾಸುತ್ತಿರುವ ಹಿರಿಯರಿದ್ದಲ್ಲಿ ತಕ್ಕಡಿ ಕಿರಿಯರ ಕಡೆಗೆ ವಾಲಬೇಕಾಗುತ್ತದೆ. ಲಾರಿ ಓಡಿಸಿ ನಿವೃತ್ತರಾದವರಿದ್ದಲ್ಲಿ ಕಿರಿಯರು ಫೈಲು ಹಿಡಿದು ಹಿಂದೆ ನಿಂತರೆ ಸಾಕು. ಎಲ್ಲರಿಗೂ ಅನ್ವಯಿಸುವ ಒಂದು ಮಾತು ಮಾತ್ರ ಇದೆ. ಕೀಲಿ ಕೈಗೆ ಬಂದ ದಿನಕ್ಕೆ ವ್ಯವಹಾರ ಮುಗಿಯುವುದಿಲ್ಲ. ವಾಹನದ ಮಾಲೀಕರು ಯಾರೆಂಬುದನ್ನು ಆರ್‌ಸಿಯೇ ಹೇಳುತ್ತದೆ ಎಂದು ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಫಾರ್ಮ್ 29 ಮತ್ತು 30ಕ್ಕೆ ಸಹಿಯಾಗಬೇಕು, ಕೊಂಡವರು 30 ದಿನಗಳೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು, ವಿಮೆಯ ವರ್ಗಾವಣೆಗೆ 14 ದಿನಗಳೊಳಗೆ ಕಂಪನಿಗೆ ತಿಳಿಸಬೇಕು. ತಿಳಿಸದೇ ಹೋದರೆ ಸ್ವಂತ ಕಾರಿಗೆ ಆದ ಹಾನಿಯ ಪರಿಹಾರ ಕೈತಪ್ಪಬಹುದು. ಆದ್ದರಿಂದ ಜೊತೆಗೆ ಹೋಗುವ ಕಿರಿಯರಲ್ಲಿ ಒಂದು ವಿನಂತಿ: ಸಾಧ್ಯವಾದರೆ ಡೀಲರ್‌ಗೆ ಕೊಡಬೇಕಾದ ಹಣದಲ್ಲಿ ಒಂದು ಪಾಲನ್ನು ಹೆಸರು ಬದಲಾಗುವ ತನಕ ಉಳಿಸಿಕೊಳ್ಳುವಂತೆ ಬರವಣಿಗೆಯಲ್ಲಿ ಒಪ್ಪಿಸಿ. ಹಿರಿಯರ ಹೆಸರಿನ ಆರ್‌ಸಿ ಮನೆ ತಲುಪುವವರೆಗೆ ನಿಮ್ಮ ಕೆಲಸ ಬಾಕಿಯಿದೆ ಎಂದೇ ತಿಳಿಯಿರಿ.