ದ್ರಾಕ್ಷಾಮದ್ಯದಲ್ಲಿ ನಿಂಬೆಯ ಕಂಪು

ದ್ರಾಕ್ಷಿಯ ರಸವನ್ನು ಹುದುಗಿಸಿ ತಯಾರಿಸುವ ಮದ್ಯಕ್ಕೆ ವೈನ್ ಎಂದು ಹೆಸರು. ಅದನ್ನು ಪರೀಕ್ಷಿಸಿ ಗುಣದೋಷಗಳನ್ನು ವರ್ಣಿಸುವುದು ಯೂರೋಪು, ಅಮೆರಿಕ ಮೊದಲಾದ ಕಡೆಗಳಲ್ಲಿ ಒಂದು ವೃತ್ತಿಯೇ ಆಗಿದೆ. ಪರೀಕ್ಷಕನು ಬಿಳಿಯ ವೈನೊಂದನ್ನು ಮೂಸಿ, ಒಂದು ಗುಟುಕನ್ನು ಬಾಯಲ್ಲಿ ಆಡಿಸಿ ಉಗುಳಿ, “ಇದರಲ್ಲಿ ನಿಂಬೆಯ ಸಿಪ್ಪೆಯ ಕಂಪಿದೆ, ಗ್ರೇಪ್‌ಫ್ರೂಟ್ ಹಣ್ಣಿನ ವಾಸನೆಯೂ ಇದೆ” ಎಂದು ಬರೆಯುತ್ತಾನೆ. ಆ ಸೀಸೆಗೆ ಯಾರೂ ನಿಂಬೆಯನ್ನು ಹಿಂಡಿಲ್ಲ! ಇದೆಲ್ಲ ಬರಿಯ ಮಾತಿನ ಬೆಡಗೆಂದು ನಗುವವರು ಬಹು ಮಂದಿ. ಮದ್ಯದ ಪ್ರಶಂಸೆ ನಮ್ಮ ಉದ್ದೇಶವಲ್ಲ. ಆದರೂ ಆ ನಗುವಿನಲ್ಲಿ ನ್ಯಾಯವಿರುವುದು ಅರ್ಧ ಮಾತ್ರವೆಂದೂ, ಉಳಿದರ್ಧದಲ್ಲಿ ವಿಜ್ಞಾನದ ವಿದ್ಯಾರ್ಥಿಗೆ ಒಂದು ಪಾಠವಿದೆಯೆಂದೂ ನಮ್ಮ ಅಭಿಪ್ರಾಯ.

ಮೊದಲು ನಾಲಗೆಯ ಕೆಲಸವನ್ನೂ ಮೂಗಿನ ಕೆಲಸವನ್ನೂ ಬೇರೆ ಬೇರೆ ಮಾಡಿಕೊಳ್ಳೋಣ. ನಿಂಬೆಯ ಹುಳಿಗೆ ಕಾರಣ ಸಿಟ್ರಿಕ್ ಆಮ್ಲ. ಸ್ವೀಡನ್ನಿನ ರಸಾಯನವಿಜ್ಞಾನಿ ಷೀಲೆ ಅದನ್ನು 1784ರಲ್ಲಿ ಹರಳಿನ ರೂಪದಲ್ಲಿ ಪಡೆದನು. ದ್ರಾಕ್ಷಿಯ ಹುಳಿಗಾದರೋ ಮುಖ್ಯವಾಗಿ ಟಾರ್ಟಾರಿಕ್ ಮತ್ತು ಮ್ಯಾಲಿಕ್ ಆಮ್ಲಗಳು ಕಾರಣ. ಇವುಗಳಲ್ಲಿ ಟಾರ್ಟಾರಿಕ್ ಆಮ್ಲವೇ ನಮ್ಮ ಹುಣಸೆಯ ಹಣ್ಣಿನಲ್ಲಿಯೂ ಇರುವುದು. ನಾಲಗೆ ಹೇಳಬಲ್ಲುದು ಹುಳಿಯೆಂದು ಮಾತ್ರ. ಇದು ನಿಂಬೆ, ಇದು ಹುಣಸೆ ಎಂಬ ಗುರುತು ದೊರೆಯುವುದು ಬಹುಮಟ್ಟಿಗೆ ಮೂಗಿನಿಂದ. ಬಾಯಲ್ಲಿರುವ ಆಹಾರದ ಆವಿಯು ಗಂಟಲ ಹಿಂಭಾಗದಿಂದ ಮೂಗಿಗೆ ಏರುತ್ತದೆ. ಮೂಗನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡು ಕಿತ್ತಳೆಯ ರಸವನ್ನೂ ಮೂಸಂಬಿಯ ರಸವನ್ನೂ ಕುಡಿದು ನೋಡಿದರೆ, ಎರಡನ್ನೂ ಗುರುತಿಸುವುದು ಎಷ್ಟು ಕಷ್ಟವೆಂಬುದು ಯಾರಿಗಾದರೂ ತಿಳಿಯುತ್ತದೆ.

ಹಾಗಾದರೆ ದ್ರಾಕ್ಷಿಯಲ್ಲಿ ಈ ಪರಕೀಯ ಕಂಪು ಎಲ್ಲಿಂದ ಬಂದಿತು? ಫ್ರಾನ್ಸಿನ ಬೋರ್ಡೊ ನಗರದಲ್ಲಿ ತೊಮಿನಾಗ, ದ್ಯುಬುರ್ದಿಯು ಮತ್ತು ಅವರ ಸಂಗಡಿಗರು ಸೊವಿನ್ಯೊಂ ಬ್ಲಾಂ ಎಂಬ ಬಿಳಿಯ ದ್ರಾಕ್ಷಿಯ ವೈನನ್ನು ಪರೀಕ್ಷಿಸಿ, ಅದರಲ್ಲಿ ಗಂಧಕದ ಪರಮಾಣುವನ್ನುಳ್ಳ ಒಂದು ವಸ್ತುವನ್ನು ಕಂಡುಹಿಡಿದು 1998ರಲ್ಲಿ ಪ್ರಕಟಿಸಿದರು. ಮರ್ಕ್ಯಾಪ್ಟೊಹೆಕ್ಸನಾಲ್ ಎಂದು ಅದರ ಹೆಸರು. ದ್ರಾಕ್ಷಿಯ ರಸದಲ್ಲಿ ಅದು ಬೇರೊಂದು ಅಣುವಿಗೆ ಅಂಟಿಕೊಂಡಿದ್ದು ವಾಸನೆಯನ್ನು ಬೀರದು. ಹುದುಗಿಸುವ ಯೀಸ್ಟ್ ಆ ಬಂಧವನ್ನು ಬಿಡಿಸಿದ ಬಳಿಕವೇ ಕಂಪು ಹೊರಬೀಳುವುದು. ಲೀಟರಿಗೆ ಸುಮಾರು 60 ನ್ಯಾನೊಗ್ರಾಂ, ಎಂದರೆ ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ ಅದರಲ್ಲಿ 60 ಪಾಲು, ಇದ್ದರೂ ಮೂಗು ಅದನ್ನು ಹಿಡಿಯಬಲ್ಲುದು. ಇದೇ ವಸ್ತು ಗ್ರೇಪ್‌ಫ್ರೂಟ್ ಹಣ್ಣಿನಲ್ಲಿಯೂ ಉಂಟು. ಆದುದರಿಂದ ಆ ವೈನಿನಲ್ಲಿ ಗ್ರೇಪ್‌ಫ್ರೂಟಿನ ವಾಸನೆಯಿದೆಯೆಂದ ಪರೀಕ್ಷಕನು ಅಲಂಕಾರದ ಮಾತನ್ನಾಡಲಿಲ್ಲ, ಇದ್ದುದನ್ನೇ ಹೇಳಿದನು.

ಆದರೆ ಮೂಗು ಸೂಕ್ಷ್ಮವಾದ ಮಾತ್ರಕ್ಕೆ ಅದರ ಸಾಕ್ಷ್ಯವನ್ನು ಹಾಗೆಯೇ ಒಪ್ಪಲಾಗದು. ಅದೇ ಬೋರ್ಡೊ ನಗರದಲ್ಲಿ ವೈನ್ ಶಾಸ್ತ್ರವನ್ನು ಓದುತ್ತಿದ್ದ 54 ಮಂದಿ ವಿದ್ಯಾರ್ಥಿಗಳ ಮುಂದೆ ಬಿಳಿಯ ವೈನೊಂದನ್ನೂ, ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬೆರೆಸಿದ ಅದೇ ವೈನನ್ನೂ ಇಟ್ಟರು. ಬಿಳಿಯದನ್ನು ಅವರು ತಿಳಿಬಣ್ಣದ ಹಣ್ಣುಗಳ ಹೆಸರಿನಿಂದ ವರ್ಣಿಸಿದರು. ಬಣ್ಣ ಹಾಕಿದುದನ್ನು ಕೆಂಪು ವೈನಿಗೆ ಸಲ್ಲುವ ಮಾತುಗಳಿಂದಲೇ ವರ್ಣಿಸಿದರು! 2001ರಲ್ಲಿ ಪ್ರಕಟವಾದ ಈ ಪ್ರಯೋಗದ ವಿದ್ಯಾರ್ಥಿಗಳು ಸುಳ್ಳು ಹೇಳಿದವರಲ್ಲ. ಕಣ್ಣು ಮೊದಲೇ ತೀರ್ಪನ್ನು ಕೊಟ್ಟುಬಿಟ್ಟಿತ್ತು. ಮೂಗು ಅದಕ್ಕೆ ರುಜು ಹಾಕಿತು.

ಈ ಪ್ರಯೋಗವನ್ನು ಓದಿ ನಾವು ನಗುವುದಕ್ಕೆ ಮುಂಚೆ ನಮ್ಮ ಕಾಲೇಜುಗಳ ರಸಾಯನ ಪ್ರಯೋಗಶಾಲೆಯನ್ನು ನೆನೆಯಬೇಕು. ಎಸ್ಟರಿನ ಪರೀಕ್ಷೆಯಲ್ಲಿ “ಹಣ್ಣಿನ ವಾಸನೆ” ಎಂದೂ, ಅಸಿಟೇಟಿನ ಪರೀಕ್ಷೆಯಲ್ಲಿ “ವಿನೆಗರಿನ ವಾಸನೆ” ಎಂದೂ ರೆಕಾರ್ಡ್ ಪುಸ್ತಕದಲ್ಲಿ ಬರೆಯುವವರಲ್ಲಿ ನಿಜವಾಗಿ ಮೂಸಿದವರೆಷ್ಟು? ಯಾವ ಹಣ್ಣು ಎಂದು ಕೇಳಿಕೊಂಡವರೆಷ್ಟು? ಬೋರ್ಡೊವಿನಲ್ಲಿ ಬಣ್ಣವು ಮಾಡಿದ ಕೆಲಸವನ್ನು ಇಲ್ಲಿ ಪಠ್ಯಪುಸ್ತಕ ಮಾಡುತ್ತದೆ. ಕಾಣದುದನ್ನು ಕಂಡೆನೆಂದು ಬರೆಯುವ ಅಭ್ಯಾಸ ಸಣ್ಣ ವಯಸ್ಸಿನಲ್ಲಿ ಬೇರೂರಿದರೆ, ಮುಂದೆ ಎಂಥ ಯಂತ್ರವನ್ನು ಕೈಗೆ ಕೊಟ್ಟರೂ ಪ್ರಯೋಜನವಿಲ್ಲ.

ಪರಿಹಾರದ ದಾರಿಯನ್ನು ತೋರಿಸಿದವರೂ ವೈನ್ ಪರೀಕ್ಷಕರೇ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದ ವಿಜ್ಞಾನಿ ಆನ್ ನೋಬಲ್ ಮತ್ತು ಅವರ ಸಹೋದ್ಯೋಗಿಗಳು 1984ರಲ್ಲಿ ವಾಸನೆಯ ಪದಗಳ ಒಂದು ಕೋಷ್ಟಕವನ್ನು ಪ್ರಕಟಿಸಿದರು. ಅದು ಚಕ್ರದ ಆಕಾರದಲ್ಲಿದೆ. ಒಳಸುತ್ತಿನಲ್ಲಿ ಹಣ್ಣು ಎಂಬ ಸಾಮಾನ್ಯ ಪದ, ಅದರ ಹೊರಗೆ ನಿಂಬೆಯ ಜಾತಿ, ಅದಕ್ಕೂ ಹೊರಗೆ ನಿಂಬೆ, ಗ್ರೇಪ್‌ಫ್ರೂಟ್ ಎಂಬ ಬಿಡಿ ಹೆಸರುಗಳು. “ಸೊಗಸಾದುದು”, “ಗಂಭೀರವಾದುದು” ಎಂಬಂಥ ಮಾತಿಗೆ ಅಲ್ಲಿ ಎಡೆಯಿಲ್ಲ. ಪ್ರತಿಯೊಂದು ಪದಕ್ಕೂ ಒಂದು ಮಾದರಿಯನ್ನು ಗೊತ್ತುಮಾಡಬೇಕೆಂಬುದು ಅದರ ಜೀವಾಳ. ವಿಶೇಷ ವಾಸನೆಯಿಲ್ಲದ ವೈನಿಗೆ ನಿಂಬೆಯನ್ನೇ ಬೆರೆಸಿ ಮೂಸಿದರೆ, ನಿಂಬೆ ಎಂಬ ಪದಕ್ಕೆ ಎಲ್ಲರಿಗೂ ಒಂದೇ ಅರ್ಥವಾಗುತ್ತದೆ. ಬಟ್ಟೆಯನ್ನು ಅಳೆಯಲು ಮೀಟರು ಹೇಗೋ ವಾಸನೆಗೆ ಈ ಮಾದರಿ ಹಾಗೆ.

ಇದರಿಂದ ಮತ್ತೊಂದು ಮಾತೂ ಹೊರಡುತ್ತದೆ. ಮಾದರಿಯಾಗುವ ವಸ್ತುವು ಹೇಳುವವನಿಗೂ ಕೇಳುವವನಿಗೂ ಪರಿಚಿತವಾಗಿರಬೇಕು. ಇಂದು ನಂದಿಬೆಟ್ಟದ ಆಸುಪಾಸಿನಲ್ಲಿಯೂ ವೈನಿಗಾಗಿ ದ್ರಾಕ್ಷಿಯನ್ನು ಬೆಳೆಯುತ್ತಾರೆ. ಅದನ್ನು ವರ್ಣಿಸಲು, ಎಂದೂ ಮೂಸಿ ನೋಡದ ಗ್ರೇಪ್‌ಫ್ರೂಟಿನ ಹೆಸರನ್ನು ಎರವಲು ತರುವುದು ರೆಕಾರ್ಡ್ ಪುಸ್ತಕದ ದೋಷವೇ. ಹತ್ತಿರದ ದೇವನಹಳ್ಳಿಯ ಚಕ್ಕೋತ ಪ್ರಸಿದ್ಧವಷ್ಟೆ. ಚಕ್ಕೋತ ಮತ್ತು ಸಿಹಿ ಕಿತ್ತಳೆಗಳ ಸಂಕರದಿಂದ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಹುಟ್ಟಿದುದೇ ಗ್ರೇಪ್‌ಫ್ರೂಟ್. ಮಗಳ ಪರಿಚಯವಿಲ್ಲದವರು ತಾಯಿಯಿಂದ ಆರಂಭಿಸಬಹುದು. ಎರಡೂ ಒಂದೇ ಎಂದು ಮಾತ್ರ ಭಾವಿಸಬಾರದು.

ಈ ಶಿಕ್ಷಣಕ್ಕೆ ವೈನಿನ ಅಗತ್ಯವಿಲ್ಲ. ನಿಂಬೆ, ಹೇರಳೆ, ಕಿತ್ತಳೆ, ಮೂಸಂಬಿ, ಚಕ್ಕೋತ ಇವುಗಳ ಸಿಪ್ಪೆಯ ಚೂರುಗಳನ್ನು ಐದು ಬಟ್ಟಲುಗಳಲ್ಲಿಟ್ಟು ಬಟ್ಟೆಯಿಂದ ಮುಚ್ಚಿ, ಕೆಳಗೆ ಅಂಕಿಗಳನ್ನು ಬರೆಯಿರಿ. ಮಿತ್ರನೊಬ್ಬನು ಅವುಗಳ ಕ್ರಮವನ್ನು ಬದಲಿಸಲಿ. ನೀವು ಒಂದೊಂದನ್ನೇ ಮೂಸಿ ಹೆಸರನ್ನು ಬರೆಯಿರಿ. ತಿಳಿಯದಿದ್ದರೆ ತಿಳಿಯಲಿಲ್ಲವೆಂದೇ ಬರೆಯಿರಿ. ಮೊದಲ ದಿನ ಎರಡು ಮೂರು ತಪ್ಪಾದರೆ ನಾಚಿಕೆಪಡಬೇಕಾಗಿಲ್ಲ. ಆ ತಪ್ಪುಗಳನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡ ಪುಟವು, ಪಠ್ಯವನ್ನು ನೋಡಿ ಬರೆದ ನೂರು ಸರಿಯುತ್ತರಗಳಿಗಿಂತ ವಿಜ್ಞಾನಕ್ಕೆ ಹತ್ತಿರವಾದುದೆಂದು ನಾವು ನಂಬುತ್ತೇವೆ.